ಗರಿ ನೋಡಿ ಹೇಂಟೆ, ಹುಂಜ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಿಶ್ರತಳಿಯ ಕೋಳಿಮರಿಗಳಲ್ಲಿ ರೆಕ್ಕೆಯ ಗರಿ ನೋಡಿಯೇ ಹೇಂಟೆ ಯಾವುದು, ಹುಂಜ ಯಾವುದು ಎಂದು ಹೇಳಬಹುದಂತೆ. ನನ್ನಲ್ಲಿರುವ ಮರಿಗಳಿಗೆ ಈಗ ಹತ್ತು ದಿನ. ಒಂದೊಂದನ್ನೂ ಹಿಡಿದು ರೆಕ್ಕೆ ಬಿಡಿಸಿ ನೋಡಿದರೂ ಎಲ್ಲವೂ ಒಂದೇ ರೀತಿ ಕಾಣುತ್ತವೆ. ನಾನು ನೋಡುವ ಕ್ರಮ ಸರಿಯಿಲ್ಲವೇ?

ಉತ್ತರ: ನಿಮ್ಮ ಕ್ರಮದಲ್ಲಿ ತಪ್ಪಿರಲಾರದು, ನಿಮ್ಮ ಮರಿಗಳು ಈ ಪರೀಕ್ಷೆಗೆ ಒಗ್ಗುವ ಸಂಕರದಿಂದ ಹುಟ್ಟಿದವೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಗರಿಯ ಬೆಳವಣಿಗೆಯಿಂದ ಲಿಂಗ ತಿಳಿಯುವುದು ಎಲ್ಲ ಕೋಳಿಗಳಿಗೂ ಇರುವ ಸಹಜ ಲಕ್ಷಣವಲ್ಲ. ತಂದೆ ತಾಯಿಯರನ್ನು ನಿರ್ದಿಷ್ಟ ರೀತಿಯಲ್ಲಿ ಆರಿಸಿ ಕೂಡಿಸಿದಾಗ ಮಾತ್ರ ಮರಿಗಳಲ್ಲಿ ಆ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ‘ಮಿಶ್ರತಳಿ’ ಎಂಬ ಹೆಸರೊಂದೇ ಅದಕ್ಕೆ ಸಾಲದು.

ನೋಡುವ ಕ್ರಮ ಹೀಗಿದೆ. ಮೊಟ್ಟೆಯೊಡೆದು ಹೊರಬಂದ ಮರಿಯ ಮೈ ಒಣಗಿದ ಮೇಲೆ, ಮೊದಲ ಒಂದೆರಡು ದಿನಗಳೊಳಗೆ, ಅದರ ರೆಕ್ಕೆಯನ್ನು ಬೀಸಣಿಗೆಯಂತೆ ಮೆಲ್ಲಗೆ ಬಿಡಿಸಬೇಕು. ರೆಕ್ಕೆಯ ಅಂಚಿನಲ್ಲಿ ಎರಡು ಸಾಲು ಎಳೆಗರಿಗಳು ಕಾಣುತ್ತವೆ: ಒಂದು ಮುಂದೆ ಹಾರುಗರಿಗಳಾಗುವ ಸಾಲು, ಇನ್ನೊಂದು ಅವುಗಳ ಬುಡವನ್ನು ಮುಚ್ಚುವ ಹೊದಿಕೆಗರಿಗಳ ಸಾಲು. ಹಾರುಗರಿಗಳು ಹೊದಿಕೆಗರಿಗಳಿಗಿಂತ ಎದ್ದು ಕಾಣುವಷ್ಟು ಉದ್ದವಾಗಿದ್ದರೆ ಮರಿ ಹೇಂಟೆ. ಎರಡೂ ಸಾಲು ಸಮನಾಗಿದ್ದರೆ ಅಥವಾ ಹೊದಿಕೆಗರಿಗಳೇ ಉದ್ದವಾಗಿದ್ದರೆ ಹುಂಜ. ಕೆಲವು ಹುಂಜದ ಮರಿಗಳಲ್ಲಿ ಹಾರುಗರಿಗಳು ಕೂದಲೆಳೆಯಷ್ಟು ಮುಂದಿರುತ್ತವೆ. ಹೊಸಬರು ಎಡವುವುದು ಹೆಚ್ಚಾಗಿ ಇಂಥ ಮರಿಗಳಲ್ಲೇ. ಒಂದು ಮರಿಯನ್ನು ಮಾತ್ರ ನೋಡಿ ತೀರ್ಮಾನಿಸದೆ ಒಟ್ಟಿಗೆ ಹುಟ್ಟಿದ ಹಲವು ಮರಿಗಳನ್ನು ಹೋಲಿಸಿ ನೋಡುವುದು ಒಳ್ಳೆಯದು.

ಇದರ ಹಿಂದಿರುವುದು ಅನುವಂಶೀಯತೆಯ ಸರಳ ಲೆಕ್ಕ. ಕೋಳಿಗಳಲ್ಲಿ ಹುಂಜಕ್ಕೆ ಎರಡು ಝಡ್ ವರ್ಣತಂತುಗಳಿದ್ದರೆ (ಜೀನ್‌ಗಳನ್ನು ಹೊತ್ತ ಎಳೆಗಳೇ ವರ್ಣತಂತುಗಳು), ಹೇಂಟೆಗೆ ಒಂದು ಝಡ್ ಮತ್ತು ಒಂದು ಡಬ್ಲ್ಯೂ ಇರುತ್ತವೆ. ಗರಿ ಬೇಗ ಬೆಳೆಯಬೇಕೋ ನಿಧಾನವಾಗಿ ಬೆಳೆಯಬೇಕೋ ಎಂಬುದನ್ನು ನಿರ್ಧರಿಸುವ ಒಂದು ಮುಖ್ಯ ಜೀನ್ ಝಡ್‌ನ ಮೇಲಿದೆ. ನಿಧಾನದ ಗುಣ ಪ್ರಬಲ, ಬೇಗದ ಗುಣ ದುರ್ಬಲ; ಅಂದರೆ ಎರಡೂ ಒಟ್ಟಿಗಿದ್ದರೆ ತೋರುವುದು ನಿಧಾನದ್ದೇ. ಹೆಣ್ಣುಮರಿಗೆ ತನ್ನ ಒಂದೇ ಝಡ್ ತಂದೆಯಿಂದ ಬರುತ್ತದೆ, ಗಂಡುಮರಿಗೆ ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಬರುತ್ತದೆ. ಆದ್ದರಿಂದ ಬೇಗ ಗರಿ ಮೂಡುವ ಹುಂಜವನ್ನು ನಿಧಾನವಾಗಿ ಗರಿ ಮೂಡುವ ಹೇಂಟೆಯೊಂದಿಗೆ ಕೂಡಿಸಿದರೆ, ಹೆಣ್ಣುಮರಿಗಳೆಲ್ಲ ತಂದೆಯಂತೆ ಬೇಗನೆಯೂ ಗಂಡುಮರಿಗಳೆಲ್ಲ ತಾಯಿಯಿಂದ ಪಡೆದ ಪ್ರಬಲ ಜೀನಿನ ದೆಸೆಯಿಂದ ನಿಧಾನವಾಗಿಯೂ ಗರಿ ತಳೆಯುತ್ತವೆ. ಇದನ್ನೇ ತಿರುಗುಮುರುಗು ಮಾಡಿ, ನಿಧಾನಗರಿಯ ಶುದ್ಧ ಹುಂಜಕ್ಕೆ ಬೇಗಗರಿಯ ಹೇಂಟೆಯನ್ನು ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ನಿಧಾನದವೇ ಆಗಿ ಏನೂ ತಿಳಿಯುವುದಿಲ್ಲ. ಲೆಗ್‌ಹಾರ್ನ್‌ನಂಥ ಹಗುರ ತಳಿಗಳು ಸಾಮಾನ್ಯವಾಗಿ ಬೇಗ ಗರಿ ತಳೆಯುವಂಥವು. ಪ್ಲಿಮತ್ ರಾಕ್, ರೋಡ್ ಐಲೆಂಡ್ ರೆಡ್‌ನಂಥ ಭಾರದ ತಳಿಗಳಲ್ಲಿ ನಿಧಾನದ ಗುಣ ಹೆಚ್ಚು.

ಇನ್ನು ನಿಮ್ಮ ಮರಿಗಳ ಮಾತು. ಹತ್ತು ದಿನಕ್ಕೆ ಎರಡು ಸಾಲುಗಳ ಹೋಲಿಕೆಯನ್ನು ನೆಚ್ಚಲಾಗದು. ಆದರೆ ಸಂಕರ ಸರಿಯಾದದ್ದೇ ಆಗಿದ್ದರೆ ಈ ವಯಸ್ಸಿನಲ್ಲಿ ಬೇಗಗರಿಯ ಮರಿಗಳಿಗೆ ಚಿಕ್ಕ ಬಾಲ ಮೂಡಿ ರೆಕ್ಕೆ ಬಾಲದವರೆಗೂ ಚಾಚಿರುತ್ತದೆ, ಉಳಿದವುಗಳ ಬಾಲದ ಜಾಗದಲ್ಲಿ ಇನ್ನೂ ತುಪ್ಪುಳವೇ ಇರುತ್ತದೆ. ಹೀಗೆ ಎರಡು ಗುಂಪುಗಳು ಕಾಣದಿದ್ದರೆ, ಎಲ್ಲವೂ ಒಂದೇ ಲಿಂಗದವಾಗಿರಬೇಕು, ಇಲ್ಲವೇ ಅವು ಗರಿಯಿಂದ ಗುರುತಿಸಬಹುದಾದ ಸಂಕರವೇ ಅಲ್ಲ. ಎರಡನೆಯದೇ ಹೆಚ್ಚು ಸಂಭವನೀಯ.

ಪ್ರಶ್ನೆ: ಹುಟ್ಟಿದ ದಿನವೇ ಮೈಬಣ್ಣದಿಂದ ಗುರುತು ಸಿಕ್ಕಿದ ಮಿಶ್ರತಳಿ ಕೋಳಿಗಳು ನನ್ನಲ್ಲಿವೆ. ಇವುಗಳ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡಿಸಿದರೆ ಆ ಮರಿಗಳನ್ನೂ ಹಾಗೆಯೇ ಗುರುತಿಸಬಹುದೇ?

ಉತ್ತರ: ಸಾಧ್ಯವಿಲ್ಲ. ಗರಿಯ ವೇಗಕ್ಕೆ ಹೇಳಿದ ಲೆಕ್ಕವೇ ಬಣ್ಣಕ್ಕೂ ಸಲ್ಲುತ್ತದೆ. ಬೆಳ್ಳಿ ಬಣ್ಣದ ಪ್ರಬಲ ಜೀನ್ ಕೂಡ ಝಡ್ ಮೇಲೆಯೇ ಇರುವುದರಿಂದ, ರೋಡ್ ಐಲೆಂಡ್ ರೆಡ್ ಹುಂಜಕ್ಕೆ ಆ ಜೀನಿರುವ ಲೈಟ್ ಸಸೆಕ್ಸ್ ತಳಿಯ ಹೇಂಟೆಯನ್ನು ಕೂಡಿಸಿದಾಗ ಗಂಡುಮರಿಗಳು ನಸುಹಳದಿಯಾಗಿಯೂ ಹೆಣ್ಣುಮರಿಗಳು ಕಂದುಗೆಂಪಾಗಿಯೂ ಹುಟ್ಟುತ್ತವೆ. ಪಟ್ಟೆಗರಿಯ ಪ್ಲಿಮತ್ ರಾಕ್ ಹೇಂಟೆಗೆ ಅದೇ ಕೆಂಪು ಹುಂಜವನ್ನು ಕೂಡಿಸಿದರೆ ಮರಿಗಳೆಲ್ಲ ಕಪ್ಪು, ಆದರೆ ಗಂಡುಮರಿಗಳ ನೆತ್ತಿಯ ಮೇಲೆ ಬಿಳಿ ಚುಕ್ಕೆ ಇರುತ್ತದೆ. ಕೇಂಬ್ರಿಜ್‌ನ ತಳಿವಿಜ್ಞಾನಿ ರೆಜಿನಾಲ್ಡ್ ಪನೆಟ್ ಮೊದಲ ಮಹಾಯುದ್ಧದ ಕಾಲದಲ್ಲಿ, ಆಹಾರದ ಅಭಾವವಿದ್ದಾಗ ಬೇಡದ ಗಂಡುಮರಿಗಳಿಗೆ ಕಾಳು ಹಾಕುವುದನ್ನು ತಪ್ಪಿಸಲೆಂದು ಇಂಥ ಬಣ್ಣದ ಸಂಕರಗಳನ್ನು ಸೂಚಿಸಿದ್ದರು.

ಈ ಮೊದಲ ಪೀಳಿಗೆಯ ಗಂಡಿನಲ್ಲಿ ಒಂದು ಪ್ರಬಲ ಮತ್ತು ಒಂದು ದುರ್ಬಲ ಜೀನ್ ಜೊತೆಯಾಗಿರುತ್ತವೆ, ಹೆಣ್ಣಿನಲ್ಲಿರುವುದು ದುರ್ಬಲದ್ದೊಂದೇ. ಅವೆರಡನ್ನು ಕೂಡಿಸಿದಾಗ ಗಂಡುಮರಿಗಳಲ್ಲಿ ಸರಾಸರಿ ಅರ್ಧ, ಹೆಣ್ಣುಮರಿಗಳಲ್ಲೂ ಸರಾಸರಿ ಅರ್ಧ ಪ್ರಬಲ ಗುಣ ತೋರುತ್ತವೆ. ಅಲ್ಲಿಗೆ ಗುರುತು ಅಳಿಸಿಹೋಗುತ್ತದೆ. ಮರಿ ಮಾಡಿಸುವವರು ಪ್ರತಿ ಬಾರಿಯೂ ಮೂಲದ ಎರಡು ತಳಿಗಳಿಗೇ ಹಿಂದಿರುಗಬೇಕಾಗುವುದು ಇದರಿಂದಲೇ.

ಪ್ರಶ್ನೆ: ಚೂಪಾದ ಮೊಟ್ಟೆಯಿಂದ ಹುಂಜ, ದುಂಡನೆಯ ಮೊಟ್ಟೆಯಿಂದ ಹೇಂಟೆ ಎನ್ನುತ್ತಾರಲ್ಲ?

ಉತ್ತರ: ಮರಿಯ ಲಿಂಗ ತಾಯಿಯ ಅಂಡಾಣುವಿನಲ್ಲಿ ಝಡ್ ಉಳಿಯಿತೋ ಡಬ್ಲ್ಯೂ ಉಳಿಯಿತೋ ಎಂಬುದರಿಂದ ತೀರ್ಮಾನವಾಗಿರುತ್ತದೆ. ಚಿಪ್ಪು ಕಟ್ಟಿಕೊಳ್ಳುವುದು ಎಷ್ಟೋ ಹೊತ್ತಿನ ಅನಂತರ. ಆಕಾರಕ್ಕೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಮೊದಲ ದಿನಗಳಲ್ಲಿ ಗುರುತಿಸಲಾಗಲಿಲ್ಲ. ಈಗ ಮರಿಗಳಿಗೆ ಎರಡು ತಿಂಗಳು. ಗರಿಯಿಂದ ತಿಳಿಯಲು ಇನ್ನೇನಾದರೂ ದಾರಿಯಿದೆಯೇ?

ಉತ್ತರ: ಇದೆ, ಮತ್ತು ಈ ದಾರಿಗೆ ಸಂಕರದ ಹಂಗಿಲ್ಲ. ಸುಮಾರು ಎಂಟರಿಂದ ಹನ್ನೆರಡು ವಾರಗಳ ನಡುವೆ ಬಾಲದ ಬುಡಕ್ಕೆ ಮುಂದಿರುವ ಬೆನ್ನಿನ ಭಾಗವನ್ನು ಗಮನಿಸಿ. ಅಲ್ಲಿ ತುದಿ ಚೂಪಾದ, ಹೊಳೆಯುವ, ಕಿರಿದಾದ ಗರಿಗಳು ಹೊಸದಾಗಿ ಮೂಡಿ ಪಕ್ಕಗಳಿಗೆ ಇಳಿಬಿದ್ದಿದ್ದರೆ ಅದು ಹುಂಜ. ಹೇಂಟೆಯ ಗರಿಗಳ ತುದಿ ದುಂಡಗಿರುತ್ತದೆ. ಕತ್ತಿನ ಗರಿಗಳಲ್ಲೂ ಇದೇ ಭೇದವಿದೆಯಾದರೂ ಎಳೆಯ ವಯಸ್ಸಿನಲ್ಲಿ ಅದು ಬೆನ್ನಿನಷ್ಟು ಸ್ಪಷ್ಟವಲ್ಲ.

ಹುಂಜದ ಸೊಗಸಾದ ಗರಿಗೆ ಗಂಡು ಹಾರ್ಮೋನ್ ಕಾರಣವೆಂದು ಬಹಳ ಮಂದಿ ತಿಳಿದಿದ್ದಾರೆ; ನಿಜ ಅದಕ್ಕೆ ತಿರುಗುಮುರುಗಾಗಿದೆ. ಬೀಜ ತೆಗೆದ ಹುಂಜ ಹುಂಜದ ಗರಿಯನ್ನೇ ಉಳಿಸಿಕೊಳ್ಳುತ್ತದೆ, ಅಂಡಾಶಯ ತೆಗೆದ ಹೇಂಟೆ ಮುಂದಿನ ಬಾರಿ ಗರಿ ಉದುರಿ ಹೊಸದು ಬರುವಾಗ ಹುಂಜದ ಗರಿಯನ್ನು ತಳೆಯುತ್ತದೆ. ದುಂಡಗಿನ ಗರಿಯನ್ನು ರೂಪಿಸುವುದು ಹೆಣ್ಣು ಹಾರ್ಮೋನ್ ಆದ ಈಸ್ಟ್ರೋಜನ್. ಸೆಬ್ರೈಟ್ ಎಂಬ ತಳಿಯಲ್ಲಿ ಹುಂಜದ ಚರ್ಮವೇ ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುವುದರಿಂದ ಹುಂಜಕ್ಕೂ ಹೇಂಟೆಯ ಗರಿಯೇ ಬರುತ್ತದೆ. ನಿಮ್ಮ ಕೋಳಿಗಳಲ್ಲಿ ಆ ರಕ್ತವಿಲ್ಲದಿದ್ದರೆ ಈ ಅಪವಾದದ ಚಿಂತೆ ಬೇಡ.

ಜುಟ್ಟು ಹುಂಜದ ಮರಿಗಳಲ್ಲಿ ಬೇಗ ದೊಡ್ಡದಾಗಿ ಕೆಂಪೇರುವುದು ನಿಜ, ಆದರೆ ಅದು ತಳಿಯಿಂದ ತಳಿಗೆ ಬಹಳ ಬದಲಾಗುತ್ತದೆ. ಮೊಟ್ಟೆಯಿಡುವ ಕಾಲ ಹತ್ತಿರವಾದಾಗ ಹೇಂಟೆಯ ಜುಟ್ಟೂ ಕೆಂಪಾಗುವುದರಿಂದ, ನಾಲ್ಕೈದು ತಿಂಗಳ ಕೋಳಿಯಲ್ಲಿ ಜುಟ್ಟು ಒಂದು ಮಾತು ಹೇಳಿ ಬೆನ್ನಿನ ಗರಿ ಇನ್ನೊಂದು ಹೇಳಿದರೆ ಬೆನ್ನಿನ ಗರಿಯನ್ನೇ ನಂಬಿ.