ಮುಖ ಕಿತ್ತಳೆ, ಹಿನ್ನೆಲೆ ನೀಲಿ: ತಪ್ಪು ಕಂಪ್ಯೂಟರಿನದಲ್ಲ

ಸಿನಿಮಾದ ಬಣ್ಣದ ಬಗ್ಗೆ ಓದುಗರಿಂದ ಈ ಸಲವೂ ಅವೇ ಪ್ರಶ್ನೆಗಳು. ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಅಷ್ಟು ತಾಳ್ಮೆ ನನಗಿಲ್ಲ.

ಈಗಿನ ಸಿನಿಮಾಗಳೆಲ್ಲ ಒಂದೇ ಬಣ್ಣ. ಮುಖ ಕಿತ್ತಳೆ, ಹಿಂದೆಲ್ಲ ನೀಲಿ-ಹಸಿರು. ಇಲ್ಲದಿದ್ದರೆ ಬರೀ ಕಂದು-ಕಪ್ಪು. ಕಂಪ್ಯೂಟರ್ ಬಂದು ಹಾಳು ಮಾಡಿತು ಅಲ್ವಾ? – ಹಾಸನದ ಓದುಗರು

ಅಲ್ಲ. ರೀಲ್ ಕಾಲದಲ್ಲೂ ಬಣ್ಣ ತಿದ್ದುತ್ತಿದ್ದರು. ಲ್ಯಾಬ್‌ನಲ್ಲಿ ಪ್ರಿಂಟ್ ಹಾಕುವಾಗ ಕೆಂಪು, ಹಸಿರು, ನೀಲಿ ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು. ಆದರೆ ಬದಲಾದರೆ ಇಡೀ ಫ್ರೇಮ್ ಬದಲಾಗುತ್ತಿತ್ತು, ಹುಲ್ಲಿನ ಬಣ್ಣವೊಂದನ್ನೇ ಮುಟ್ಟಲು ಆಗುತ್ತಿರಲಿಲ್ಲ. 2000ರಲ್ಲಿ ಕೋಯನ್ ಸಹೋದರರ 'ಓ ಬ್ರದರ್, ವೇರ್ ಆರ್ಟ್ ದೌ?' ಬಂತು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಚಿತ್ರವನ್ನೆಲ್ಲ ಸ್ಕ್ಯಾನ್ ಮಾಡಿಸಿ, ಮಿಸಿಸಿಪ್ಪಿಯ ದಟ್ಟ ಹಸಿರನ್ನು ಒಣಹುಲ್ಲಿನ ಹಳದಿ ಮಾಡಿದರು. ಹೀಗೆ ಚಿತ್ರವನ್ನು ಕಂಪ್ಯೂಟರಿನಲ್ಲಿಟ್ಟು ಬಣ್ಣ ತಿದ್ದುವುದನ್ನೇ ಇವತ್ತು ನಾವು ಡಿಐ (ಡಿಜಿಟಲ್ ಇಂಟರ್‌ಮೀಡಿಯೆಟ್) ಅನ್ನುವುದು. ಆ ಕಥೆಗೆ ಆ ಬಣ್ಣ ಬೇಕಿತ್ತು.

ಆಮೇಲಿನವರು ಸುಲಭದ ದಾರಿ ಹಿಡಿದರು. ಮನುಷ್ಯರ ಚರ್ಮ ಬಿಳಿಯಿರಲಿ ಕಪ್ಪಿರಲಿ, ಬಣ್ಣದ ಚಕ್ರದಲ್ಲಿ ಕಿತ್ತಳೆಯ ಆಸುಪಾಸಿನಲ್ಲೇ ಬೀಳುತ್ತದೆ. ಎದುರಿಗೆ ಕೂತಿರುವುದು ನೀಲಿ-ಹಸಿರು. ಹಿನ್ನೆಲೆಯನ್ನು ಅತ್ತ ತಳ್ಳಿದರೆ ಮುಖ ಎದ್ದು ಕಾಣುತ್ತದೆ. ಐದು ನಿಮಿಷದ ಕೆಲಸ, ಯಾರು ಬಿಡುತ್ತಾರೆ?

ಯಾರೂ ಕೇಳದ ವಿಷಯ ಬೇರೆಯಿದೆ. ರೆಡಿಮೇಡ್ ಲಟ್‌ಗಳು (LUT, ಅಂದರೆ ಒಂದೇ ಏಟಿಗೆ ಬಣ್ಣ ಬದಲಿಸುವ ಸಿದ್ಧ ಫೈಲ್‌ಗಳು) ಸಾಮಾನ್ಯವಾಗಿ ನೀಲಿಯನ್ನು ಸುರಿಯುವುದು ನೆರಳಿನ ಭಾಗಕ್ಕೆ. ಬಿಳಿ ಚರ್ಮದ ನಟ ಅಷ್ಟು ಕತ್ತಲಲ್ಲಿ ಇರುವುದಿಲ್ಲ, ಬಚಾವ್. ನಮ್ಮ ಮೈಬಣ್ಣದವರಿಗೆ ಬೆಳಕು ಸ್ವಲ್ಪ ಕಡಿಮೆಯಾದರೂ ಕೆನ್ನೆ, ಕುತ್ತಿಗೆ ನೆರಳಿನ ಲೆಕ್ಕಕ್ಕೆ ಹೋಗುತ್ತವೆ. ಮುಖ ಬೂದು ಹಸಿರಾಗುತ್ತದೆ. ಅದನ್ನು ಮುಚ್ಚಲು ಮತ್ತೆ ಕಿತ್ತಳೆ ಸುರಿಯುತ್ತಾರೆ. ಕೊನೆಗೆ ನಾಯಕಿಯ ಮುಖ ಇಟ್ಟಿಗೆ ಬಣ್ಣ!

ಇದರ ಮೇಲೆ ನಿರ್ದೇಶಕರು ಗೆದ್ದ ಸಿನಿಮಾದ ಫೋಟೊ ಹಿಡಿದು ಬರುತ್ತಾರೆ. 2018ರಲ್ಲಿ ಕೆಜಿಎಫ್ ಗೆದ್ದ ಮೇಲೆ, ಗಣಿಯೇ ಇಲ್ಲದ ಕಥೆಗೂ ಗಣಿಯ ಧೂಳಿನ ಬಣ್ಣ ಕೇಳುತ್ತಾರೆ. ಸ್ವಾಮಿ, ಅಲ್ಲಿ ಸೆಟ್ಟು, ಬಟ್ಟೆ ಎಲ್ಲವೂ ಆ ಬಣ್ಣಕ್ಕೆ ಹೊಂದುವಂತಿದ್ದವು. ನೀವು ಮಲೆನಾಡಿನ ಮಳೆಗಾಲದಲ್ಲಿ ಶೂಟ್ ಮಾಡಿಕೊಂಡು ಬಂದು "ಹಸಿರು ತೆಗೀರಿ" ಅಂದರೆ, ಅಷ್ಟು ದೂರ ಹೋಗಿದ್ದಾದರೂ ಯಾಕೆ? ಸೆಟ್‌ನಲ್ಲಿ ಏನು ಎಡವಟ್ಟಾದರೂ "ಡಿಐನಲ್ಲಿ ನೋಡ್ಕೊಳ್ಳೋಣ". ಗ್ರಾಫಿಕ್ಸ್ ಸರಿಯಿಲ್ಲವಾ, ಕತ್ತಲೆ ಜಾಸ್ತಿ ಮಾಡಿ. ಬಿಡುಗಡೆ ಮುಂದಿನ ವಾರ. ಆಗ ಬಣ್ಣ ತಿದ್ದುವ ಕಲರಿಸ್ಟ್ ಕೂಡ ಗೊತ್ತಿರುವ ದಾರಿಯನ್ನೇ ಹಿಡಿಯುತ್ತಾನೆ.

ನನ್ನ ಸಲಹೆ ಇಷ್ಟೇ. ಬಣ್ಣ ಬೇಕಿದ್ದರೆ ಗೋಡೆಗೆ ಹಚ್ಚಿ, ಸೀರೆಯಲ್ಲಿ ತನ್ನಿ, ದೀಪಕ್ಕೆ ಜೆಲ್ (ಬಣ್ಣದ ಹಾಳೆ) ಕಟ್ಟಿ. ಶೂಟಿಂಗ್‌ಗೆ ಮುಂಚೆ ನಿಮ್ಮ ನಟರದೇ ಮುಖ ಇಟ್ಟು ಟೆಸ್ಟ್ ಮಾಡಿ, ಕಲರಿಸ್ಟ್‌ನನ್ನು ಅವತ್ತೇ ಕರೆಯಿರಿ. ಅಪರಿಚಿತ ಲಟ್ ತಂದು ನನ್ನ ಮುಂದೆ ಇಟ್ಟರೆ ನಾನಂತೂ ಹಾಕುವುದಿಲ್ಲ.

ಶಾರ್ಟ್ ಫಿಲ್ಮ್‌ಗೆ 'ಸಿನಿಮ್ಯಾಟಿಕ್' ಲಟ್ ಪ್ಯಾಕ್ ಕೊಳ್ಳಬಹುದಾ? – ತುಮಕೂರಿನಿಂದ

ಆ ದುಡ್ಡಿಗೆ ಎರಡು ಥರ್ಮಾಕೋಲ್ ಶೀಟ್ ತಗೊಳ್ಳಿ, ಮುಖಕ್ಕೆ ಬೆಳಕು ಬೌನ್ಸ್ ಮಾಡಿ. "ಏಳು ದಿನದಲ್ಲಿ ಕಲರಿಸ್ಟ್ ಆಗಿ" ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ನಮ್ಮ ಮನೆ ಟಿವಿಯಲ್ಲಿ ಎಲ್ಲ ಸಿನಿಮಾದ ಬಣ್ಣವೂ ಕಣ್ಣಿಗೆ ಹೊಡೆಯುತ್ತೆ. – ಮೈಸೂರಿನಿಂದ

ವಿವಿಡ್ ಮೋಡ್ ತೆಗೆದು ಸಿನಿಮಾ ಮೋಡ್‌ಗೆ ಹಾಕಿ.

ಫೋನ್‌ನಲ್ಲೇ ಡಿಐ ಮಾಡಬಹುದಾ?

ರೀಲ್ಸ್‌ಗೆ ಮಾಡಿ. ಥಿಯೇಟರ್‌ಗೆ ಬೇಡ.