ಉಬ್ಬಿದ ನಕ್ಷತ್ರ ಪಕ್ಕದ್ದನ್ನು ನುಂಗುತ್ತದೆಯೇ?

ಪ್ರಶ್ನೆ: ಸೂರ್ಯ ಮುಂದೊಂದು ದಿನ ಕೆಂಪು ದೈತ್ಯನಾಗಿ ಉಬ್ಬುತ್ತಾನೆ ಎಂದು ಓದಿದ್ದೇನೆ. ಎರಡು ನಕ್ಷತ್ರಗಳು ಜೋಡಿಯಾಗಿ ಸುತ್ತುವ ಕಡೆ ಒಂದು ಹೀಗೆ ಉಬ್ಬಿದರೆ ಇನ್ನೊಂದರ ಗತಿ ಏನು? ನುಂಗಿಬಿಡುತ್ತದೆಯೇ?

ಉತ್ತರ: ನುಂಗುವುದೂ ಉಂಟು. ಆದರೆ ಅದರ ಉಲ್ಟಾ, ಅಂದರೆ ಸಂಗಾತಿಯೇ ಉಬ್ಬಿದ್ದರ ಅನಿಲ ಕಬಳಿಸುವುದೇ ನನಗೆ ಜಾಸ್ತಿ ಇಷ್ಟ. ಎಲ್ಲವೂ ಎರಡರ ನಡುವಿನ ದೂರದ ಮೇಲೆ ನಿಂತಿದೆ. ತುಂಬಾ ದೂರವಿದ್ದರೆ ಒಂದರ ಪಾಡಿಗೆ ಒಂದು ಇರುತ್ತವೆ. ತೀರಾ ಹತ್ತಿರವಿದ್ದರೆ ಉಬ್ಬಿದ ಹೊರಪದರದೊಳಗೆ ಸಂಗಾತಿ ಸಿಕ್ಕಿಕೊಂಡು, ಸುತ್ತುತ್ತಲೇ ಒಳಕ್ಕೆ ಜಾರುತ್ತದೆ, ಕೆಲವೊಮ್ಮೆ ಎರಡೂ ಒಂದಾಗಿಬಿಡುತ್ತವೆ.

ತುಂಬಾ ದೂರವೂ ಅಲ್ಲದ, ತೀರಾ ಹತ್ತಿರವೂ ಅಲ್ಲದ ಜೋಡಿಗೆ ಒಳ್ಳೆಯ ಉದಾಹರಣೆ ಟಿ ಕರೋನೆ ಬೋರಿಯಾಲಿಸ್. ನಮ್ಮಿಂದ ಸುಮಾರು 3000 ಜ್ಯೋತಿರ್ವರ್ಷ ದೂರದ ಈ ಜೋಡಿಯಲ್ಲಿ ಒಂದು ಕೆಂಪು ದೈತ್ಯ, ಇನ್ನೊಂದು ಶ್ವೇತ ಕುಬ್ಜ, ಅಂದರೆ ಇಂಧನ ಮುಗಿದ ನಕ್ಷತ್ರದ ಉಳಿದ ತಿರುಳು. ಕುಬ್ಜ ಗಾತ್ರದಲ್ಲಿ ಭೂಮಿಯಷ್ಟೇ, ತೂಕದಲ್ಲಿ ಮಾತ್ರ ಸೂರ್ಯನಿಗಿಂತ ಹೆಚ್ಚು. ಸುಮಾರು 228 ದಿನಕ್ಕೆ ಒಂದು ಸುತ್ತು. ಉಬ್ಬಿದ ನಕ್ಷತ್ರದ ಹೊರಪದರ ಕೇಂದ್ರದಿಂದ ಎಷ್ಟೋ ದೂರದಲ್ಲಿರುವುದರಿಂದ ಅಲ್ಲಿ ಹಿಡಿತ ಸಡಿಲ, ಅಲ್ವಾ? ಆ ಅನಿಲವನ್ನು ಕುಬ್ಜ ತನ್ನತ್ತ ಎಳೆದುಕೊಳ್ಳುತ್ತದೆ. ಅದು ನೇರವಾಗಿ ಬೀಳದೆ ತಟ್ಟೆಯಂತೆ ಸುತ್ತುತ್ತಾ ನಿಧಾನವಾಗಿ ಕುಬ್ಜದ ಮೇಲೆ ಪದರ ಕಟ್ಟುತ್ತದೆ, ಪದರ ದಪ್ಪವಾದಷ್ಟೂ ತಳದಲ್ಲಿ ಒತ್ತಡ, ಬಿಸಿ ಏರಿ, ಕೊನೆಗೆ ಅಲ್ಲಿನ ಹೈಡ್ರೋಜನ್ ಒಮ್ಮೆಲೇ ಬೆಸೆದು ಸಿಡಿಯುತ್ತದೆ. ಇದೇ ನೋವಾ. ಸಿಡಿಯುವುದು ಮೇಲಿನ ಪದರ ಮಾತ್ರ, ಕುಬ್ಜ ಉಳಿಯುತ್ತದೆ, ಮತ್ತೆ ಎಳೆಯಲು ಶುರು ಮಾಡುತ್ತದೆ. 1866ರಲ್ಲಿ ಹೀಗಾಯಿತು, 1946ರಲ್ಲಿ ಮತ್ತೆ ಆಯಿತು.

ಇನ್ನೊಂದು ವಿಷಯ ಹೇಳಲೇಬೇಕು. ಆ ಕುಬ್ಜವೂ ಒಂದು ಕಾಲದಲ್ಲಿ ಕೆಂಪು ದೈತ್ಯವೇ ಆಗಿತ್ತು. ಜೋಡಿಯಲ್ಲಿ ಹೆಚ್ಚು ತೂಕದ್ದು ತನ್ನ ಇಂಧನವನ್ನು ಬೇಗ ಉರಿಸಿ, ಮೊದಲು ಉಬ್ಬಿ, ಹೊರಪದರ ಕಳೆದುಕೊಂಡು ಕುಬ್ಜವಾಗುತ್ತದೆ. ಈಗ ಉಬ್ಬುವ ಸರದಿ ಎರಡನೆಯದರದ್ದು. ಹೀಗೆ ಅನಿಲ ಸೇರಿ ಸೇರಿ ಶ್ವೇತ ಕುಬ್ಜವೊಂದರ ತೂಕ ಸೂರ್ಯನ ಸುಮಾರು 1.4 ಪಟ್ಟನ್ನು, ಅಂದರೆ ಕುಬ್ಜ ತಾಳಬಲ್ಲ ಗರಿಷ್ಠ ತೂಕವಾದ ಚಂದ್ರಶೇಖರ್ ಮಿತಿಯನ್ನು ಸಮೀಪಿಸಿದರೆ, ಇಡೀ ಕುಬ್ಜವೇ ಸೂಪರ್‌ನೋವಾ ಆಗಿ ಸಿಡಿದುಹೋಗಬಹುದು.

ಈ ಜೋಡಿ ಮಾಮೂಲಿ ದಿನಗಳಲ್ಲಿ ಬರಿಗಣ್ಣಿಗೆ ಕಾಣುವುದಿಲ್ಲ. ಸಿಡಿದಾಗ ಧ್ರುವ ನಕ್ಷತ್ರದಷ್ಟು ಹೊಳೆದು ಕೆಲವೇ ದಿನಗಳಲ್ಲಿ ಮಂಕಾಗುತ್ತದೆ. ಸ್ವಾತಿಯಿಂದ ಅಭಿಜಿತ್ ಕಡೆಗೆ ಕಣ್ಣು ಹಾಯಿಸಿ, ಸ್ವಾತಿಯ ಹತ್ತಿರದಲ್ಲೇ ಅರ್ಧ ಬಳೆಯಂತೆ ಜೋಡಿಸಿದ ಚುಕ್ಕಿಗಳು ಸಿಗುತ್ತವೆ. ಅದೇ ಉತ್ತರ ಕಿರೀಟ ನಕ್ಷತ್ರಪುಂಜ, ಈ ಜೋಡಿ ಇರುವುದು ಅದರಲ್ಲಿ.