ಫ್ರೆಂಚ್ ಬಾಯಿಗೆ ಬರಬೇಕಾದರೆ ಎಲ್ಲಿರಬೇಕು?

ಪ್ರಶ್ನೆ: ಮೇಡಂ, ನನಗೆ 23 ವರ್ಷ. ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷ ಶನಿವಾರ, ಭಾನುವಾರ ಕ್ಲಾಸಿಗೆ ಹೋಗಿ ಫ್ರೆಂಚ್‌ನಲ್ಲಿ ಡೆಲ್ಫ್ ಎ2 (ಭಾಷೆಯ ಎರಡನೇ ಹಂತದ ಪರೀಕ್ಷೆ) ಪಾಸಾಗಿದ್ದೇನೆ. ಓದಿದರೆ ಅರ್ಥವಾಗುತ್ತದೆ, ಮಾತಾಡಲು ಹೋದರೆ ಬಾಯಿ ಕಟ್ಟುತ್ತದೆ. ಕೂಡಿಟ್ಟ ದುಡ್ಡಿನಲ್ಲಿ ಫ್ರಾನ್ಸ್‌ಗೆ ಹೋಗಿ ಭಾಷೆಯ ಕೋರ್ಸ್ ಮಾಡುವ ಆಸೆ. ಪ್ಯಾರಿಸ್‌ನಲ್ಲಿ ನಾಲ್ಕು ವಾರ ಇರಲೋ, ಅದೇ ದುಡ್ಡಿಗೆ ಸಣ್ಣ ಊರಲ್ಲಿ ಎಂಟು ವಾರ ಇರಲೋ? ಹಾಸ್ಟೆಲ್ಲೋ, ಅಲ್ಲಿನವರ ಮನೆಯೋ? ನಾವು ಸಸ್ಯಾಹಾರಿಗಳು. ದಾವಣಗೆರೆಯಲ್ಲಿರುವ ಅಮ್ಮನಿಗೆ ಈಗಿನಿಂದಲೇ ನಿದ್ದೆ ಇಲ್ಲ.
- ಒಬ್ಬ ಓದುಗಿ, ಬೆಂಗಳೂರು

ಉತ್ತರ: ಸಣ್ಣ ಊರು, ಎಂಟು ವಾರ, ಮನೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ನಾನು 2011ರ ಬೇಸಿಗೆಯಲ್ಲಿ ವಿಶಿ ಊರಿಗೆ ಹೋಗಿದ್ದೆ. ಸೌಂದರ್ಯವರ್ಧಕಗಳ ಬಾಟಲಿ ಮೇಲೆ ‘ವಿಚಿ’ ಎಂದು ಓದುತ್ತೇವಲ್ಲ, ಅದೇ ಊರು. ಪ್ಯಾರಿಸ್‌ನ ಬೆರ್ಸಿ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಮೂರು ಗಂಟೆ. ಅಲ್ಯೇ ನದಿಯ ದಡ, ಬಿಸಿನೀರಿನ ಚಿಲುಮೆಗಳು, ದೊಡ್ಡ ಮರಗಳ ಪಾರ್ಕು. ಅಲ್ಲಿ 1964ರಿಂದ ಹೊರದೇಶದವರಿಗೆ ಫ್ರೆಂಚ್ ಕಲಿಸುವ ಕಾವಿಲಾಂ ಎಂಬ ಶಾಲೆ ಇದೆ. ತೂರ್ ಊರಿನಲ್ಲಿ ಇನ್ನೂ ಹಳೆಯದು, 1912ರ ಆಂಸ್ತಿತ್ಯು ದ ತೂರೆನ್. ಬೇರೆ ಊರುಗಳಲ್ಲೂ ಒಳ್ಳೆಯ ಶಾಲೆಗಳಿವೆ. ಯಾವುದನ್ನೇ ಆರಿಸಿದರೂ ಹೊರದೇಶದವರಿಗೆ ಫ್ರೆಂಚ್ ಕಲಿಸುವ ಒಳ್ಳೆಯ ಶಾಲೆಗಳಿಗೆ ಫ್ರಾನ್ಸ್ ಸರ್ಕಾರ ಕೊಡುವ ‘ಕಾಲಿತೆ ಎಫ್‌ಎಲ್‌ಇ’ ಗುರುತು ಅದಕ್ಕಿದೆಯಾ ನೋಡಿಕೊಳ್ಳಿ.

ಆದರೆ ಬಾಯಿ ಬಿಡಿಸುವುದು ಶಾಲೆಯಲ್ಲ. ಇದನ್ನು ತಿಳಿಯಲು ನನಗೆ ಎರಡು ವಾರ ಹಾಳಾಯಿತು. ಮೊದಲು ನಾನು ವಿದ್ಯಾರ್ಥಿಗಳ ಫ್ಲ್ಯಾಟಿನಲ್ಲಿದ್ದೆ. ನಾಲ್ಕು ದೇಶದ ನಾಲ್ಕು ಹುಡುಗಿಯರು. ಮಧ್ಯಾಹ್ನದವರೆಗೆ ಕ್ಲಾಸಿನಲ್ಲಿ ಫ್ರೆಂಚ್, ಹೊರಗೆ ಬಂದರೆ ಇಂಗ್ಲಿಷ್. ಅಡುಗೆ, ಜಗಳ, ನಗು ಎಲ್ಲ ಇಂಗ್ಲಿಷಿನಲ್ಲೇ. ರಾತ್ರಿ ಮಲಗುವಾಗ ಅಳು ಬರುತ್ತಿತ್ತು. ಇಷ್ಟು ದೂರ ಬಂದು ಇದೇನು ಮಾಡುತ್ತಿದ್ದೇನೆ ಅಂತ.

ಮೂರನೇ ವಾರ ಒಬ್ಬ ಅಜ್ಜಿಯ ಮನೆಗೆ ಹೋದೆ. ಅವರಿಗೆ ಇಂಗ್ಲಿಷ್ ಒಂದಕ್ಷರ ಬರದು. ಮೊದಲ ದಿನ ಅವರು ಪದೇ ಪದೇ ‘ಶೆಪಾ, ಶೆಪಾ’ ಅಂದರು. ಯಾವ ನಿಘಂಟಿನಲ್ಲೂ ಸಿಗಲಿಲ್ಲ. ‘ಜ ನ ಸೆ ಪಾ’, ಅಂದರೆ ‘ಗೊತ್ತಿಲ್ಲ’. ನಾವು ‘ಗೊತ್ತಿಲ್ಲ’ವನ್ನು ‘ಗೊತ್ತಿಲ್ಲಪ್ಪ’ ಮಾಡುತ್ತೇವೆ, ಅವರು ನಾಲ್ಕು ಪದ ನುಂಗಿ ಒಂದು ಮಾಡುತ್ತಾರೆ. ನಾನು ಸಂಜೆ 7ಕ್ಕೆ ಅಡುಗೆಮನೆಗೆ ಹೋಗಿ ಆಲೂಗೆಡ್ಡೆ ಸಿಪ್ಪೆ ತೆಗೆಯಲು ಕೂರತೊಡಗಿದೆ. ‘ಎಪ್ಲುಶೆ’ ಅಂದರೆ ಸಿಪ್ಪೆ ತೆಗೆಯುವುದು. ಆ ಪದ ಪುಸ್ತಕದಲ್ಲಿ ಓದಿ ಮರೆತಿದ್ದೆ, ಚಾಕು ಹಿಡಿದು ಕಲಿತ ಮೇಲೆ ಇವತ್ತಿಗೂ ಮರೆತಿಲ್ಲ. ಕೈಗೆ ಕೆಲಸವಿದ್ದರೆ ಬಾಯಿಗೆ ಭಯ ಕಡಿಮೆ. ತಪ್ಪಾದರೆ ಅವರು ಸರಿಯಾದ ವಾಕ್ಯವನ್ನು ಮೆತ್ತಗೆ ಹೇಳಿ ಮುಂದಿನ ಆಲೂಗೆಡ್ಡೆ ಕೊಡುತ್ತಿದ್ದರು.

ಒಂದು ಸಂಜೆ ಪಾರ್ಕಿನಲ್ಲಿ ಎಷ್ಟು ಜನ ಇದ್ದರು ಎಂದು ಹೇಳಲು ಹೋಗಿ 92ಕ್ಕೆ ತಡವರಿಸಿದೆ. ಫ್ರೆಂಚರಿಗೆ ಅದು ‘ನಾಲ್ಕು ಇಪ್ಪತ್ತು ಹನ್ನೆರಡು’. ಅಜ್ಜಿ ಬಟಾಣಿ ಕಾಳುಗಳನ್ನು ಇಪ್ಪತ್ತಿಪ್ಪತ್ತರ ಗುಡ್ಡೆ ಮಾಡಿ ತೋರಿಸಿದರು. ಇಂಥದ್ದು ಯಾವ ಕೋರ್ಸಿನ ಪಟ್ಟಿಯಲ್ಲೂ ಇರಲ್ಲ, ಅಲ್ವಾ?

ನಿಮ್ಮ ಬಾಯಿ ಬಗ್ಗೆ ಒಂದು ಧೈರ್ಯದ ಮಾತು. ನಾವು ಫ್ರೆಂಚ್ ಅನ್ನು ಇಂಗ್ಲಿಷ್ ಮೂಲಕ ಕಲಿಯುತ್ತೇವೆ, ಅದಕ್ಕೇ ‘ಟ’, ‘ಡ’ ಅನ್ನುತ್ತೇವೆ. ಫ್ರೆಂಚರದ್ದು ಹಲ್ಲಿಗೆ ನಾಲಿಗೆ ತಾಗಿಸುವ ನಮ್ಮ ‘ತ’, ‘ದ’. ಕನ್ನಡದ ನಾಲಿಗೆಯನ್ನೇ ಬಳಸಿ. ‘ತು’, ‘ವು’ ಎಂಬ ಭೇದವೂ ನಿಮಗೆ ಹೊಸದಲ್ಲ, ಅದು ನೀನು, ನೀವು. ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಹೇಳಿ. ಹೇಳದೆ ನೇರ ಬ್ರೆಡ್ ಕೇಳಿದರೆ ಅವರಿಗೆ ಬೇಸರ.

ಊಟದ ವಿಷಯ ನೀವು ಉಳಿಯುವ ಮನೆಯವರಿಗೆ ಮೊದಲೇ ಸ್ಪಷ್ಟವಾಗಿ ಬರೆಯಿರಿ. ಬರೀ ‘ಸಸ್ಯಾಹಾರಿ’ ಅಂದರೆ ಮೀನು ಬಡಿಸಿಬಿಡಬಹುದು. ಮಾಂಸ ಬೇಡ, ಮೀನು ಬೇಡ, ಮಾಂಸದ ಸಾರಿನ ಸೂಪೂ ಬೇಡ ಎಂದು ಒಂದೊಂದಾಗಿ ತಿಳಿಸಿ. ಸಾಂಪ್ರದಾಯಿಕ ಚೀಸ್‌ಗಳಲ್ಲಿ ಬಹುಪಾಲಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹಾಲು ಒಡೆಸುತ್ತಾರೆ. ಅದು ನಿಮಗೆ ಒಪ್ಪಿಗೆಯಾ ಅಂತ ಇಲ್ಲೇ ಯೋಚಿಸಿಕೊಳ್ಳಿ, ಏಕೆಂದರೆ ಊಟದ ಕೊನೆಗೆ ಚೀಸ್ ತಟ್ಟೆ ಬರುತ್ತದೆ.

ವೀಸಾ: 90 ದಿನದೊಳಗಾದರೆ ಅಲ್ಪಾವಧಿಯದು. ಅದಕ್ಕಿಂತ ಜಾಸ್ತಿ ಓದುವುದಾದರೆ ಮೊದಲು ಕ್ಯಾಂಪಸ್ ಫ್ರಾನ್ಸ್‌ನಲ್ಲಿ (ಅಲ್ಲಿ ಓದಲು ಹೋಗುವವರಿಗಾಗಿ ಫ್ರಾನ್ಸ್ ಸರ್ಕಾರದ ಸಂಸ್ಥೆ) ನೋಂದಣಿ, ಆಮೇಲೆ ದೀರ್ಘಾವಧಿಯ ವಿದ್ಯಾರ್ಥಿ ವೀಸಾ. ಅಲ್ಲಿಗೆ ಹೋದ ಮೇಲೆ ಇನ್ನೆರಡು ತಿಂಗಳು ಇರೋಣ ಅನ್ನಿಸಿದರೆ ನಡೆಯುವುದಿಲ್ಲ. ಇಲ್ಲೇ ತೀರ್ಮಾನ ಮಾಡಿ.

ಈಗ ಅಮ್ಮ. ಅವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿದರೆ ನಿಮ್ಮ ತಲೆ ದಾವಣಗೆರೆಯಲ್ಲೇ ಉಳಿಯುತ್ತದೆ. ಮಾಡದೇ ಇದ್ದರೆ ಅವರು ಊಟ ಬಿಡುತ್ತಾರೆ. ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಎರಡೂ ಕಡೆ ಮೂರೂವರೆ ಗಂಟೆ ವ್ಯತ್ಯಾಸ. ನಿಮಗೆ ಸಂಜೆ 5 ಆದಾಗ ಅವರಿಗೆ ರಾತ್ರಿ 8:30, ಅಡುಗೆ ಮುಗಿದಿರುತ್ತದೆ. ಕಾಲು ಗಂಟೆ ಕನ್ನಡದಲ್ಲಿ ಮನಸಾರೆ ಮಾತಾಡಿ. 7ಕ್ಕೆ ಅಡುಗೆಮನೆಗೆ ಹೋಗಿ.